ದಿನಚರಿಯೇ ದೀಕ್ಷೆ: ಜಪಾನಿನಲ್ಲಿ ಮಾರ್ಮನ್ ಯುವ ಮಿಷನರಿಯ ಬದುಕು

1. ಪ್ರವೇಶ

ಮಿಷನರಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವವರು ಬಾಸೆಲ್ ಮಿಷನ್ನಿನ ಮೋಗ್ಲಿಂಗ್, ಕಿಟ್ಟೆಲ್ ಅವರಂಥ ವಿದ್ವಾಂಸರು. ದೇವತಾಶಾಸ್ತ್ರ ಓದಿ ಬಂದು, ವರ್ಷಗಟ್ಟಲೆ ಈ ನೆಲದಲ್ಲಿ ನಿಂತು, ಪತ್ರಿಕೆ, ಸಂಪಾದನೆ, ನಿಘಂಟುಗಳ ಕೆಲಸ ಮಾಡಿದವರು. ಈ ಲೇಖನದ ವಸ್ತುವಾದ ಮಿಷನರಿ ಅವರಿಗಿಂತ ತೀರ ಭಿನ್ನ. ಅವನ ವಯಸ್ಸು ಹದಿನೆಂಟೋ ಇಪ್ಪತ್ತೋ. ದೇವತಾಶಾಸ್ತ್ರದ ಪದವಿಯಿಲ್ಲ, ಸಂಬಳವಿಲ್ಲ, ಹೋಗುವ ದೇಶವನ್ನು ಆರಿಸಿಕೊಳ್ಳುವ ಹಕ್ಕೂ ಇಲ್ಲ. ಎರಡು ವರ್ಷ ತುಂಬಿದೊಡನೆ ಊರಿಗೆ ಮರಳಿ ಓದು, ಉದ್ಯೋಗ, ಸಂಸಾರದ ದಾರಿ ಹಿಡಿಯುತ್ತಾನೆ. ಹೆಣ್ಣುಮಕ್ಕಳ ಸೇವಾವಧಿ ಹದಿನೆಂಟು ತಿಂಗಳು.

ಜೋಸೆಫ್ ಸ್ಮಿತ್ 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಸ್ಥಾಪಿಸಿದ ಮಾರ್ಮನ್ ಚರ್ಚಿನ ಇಂದಿನ ಕೇಂದ್ರ ಯೂಟಾದ ಸಾಲ್ಟ್ ಲೇಕ್ ಸಿಟಿ. ಈಚಿನ ವರ್ಷಗಳಲ್ಲಿ ಅದರ ಪೂರ್ಣಾವಧಿ ಮಿಷನರಿಗಳ ಸಂಖ್ಯೆ 70,000 ದಾಟಿದೆ. ಇವರ ಬಗೆಗಿನ ಚರ್ಚೆ ಬಹುಪಾಲು ಮತಾಂತರದ ಲೆಕ್ಕದಲ್ಲೇ ಮುಗಿಯುತ್ತದೆ. ಎಷ್ಟು ಮಂದಿ ಸೇರಿದರು ಎಂದು ಚರ್ಚಿನವರೂ ಕೇಳುತ್ತಾರೆ, ಚರ್ಚನ್ನು ವಿರೋಧಿಸುವವರೂ ಕೇಳುತ್ತಾರೆ. ಪ್ರಸ್ತುತ ಲೇಖನ ಕೇಳುವ ಪ್ರಶ್ನೆ ಬೇರೆ. ಬೆಳಗಿನಿಂದ ರಾತ್ರಿಯವರೆಗೆ ಈ ಯುವಕ ಏನು ಮಾಡುತ್ತಾನೆ? ಆ ದಿನಚರಿ ಅವನನ್ನು ಏನಾಗಿ ಮಾಡುತ್ತದೆ? ಪರರ ಮನಸ್ಸು ತಿರುಗಿಸಲೆಂದು ರೂಪುಗೊಂಡ ಈ ಕಟ್ಟಳೆ ಎಲ್ಲಕ್ಕಿಂತ ಮೊದಲು ಮಿಷನರಿಗೇ ದೀಕ್ಷೆ ಕೊಡುತ್ತದೆ, ಆ ದೀಕ್ಷೆ ಯಾವುದೋ ಒಂದು ವಿಧಿಯಲ್ಲಿ ನಡೆಯದೆ ದಿನದಿನದ ಪುನರಾವರ್ತನೆಯಲ್ಲಿ ನಡೆಯುತ್ತದೆ ಎಂಬುದು ಇಲ್ಲಿನ ಪ್ರತಿಪಾದನೆ. ನಿದರ್ಶನಕ್ಕೆ ಜಪಾನನ್ನು ಆರಿಸಿಕೊಂಡಿದೆ. ಭಾಷೆ, ಆಹಾರ, ಧರ್ಮ ಮೂರರಲ್ಲೂ ಅಮೆರಿಕದ ಯುವಕನಿಗೆ ಅಪರಿಚಿತವಾದ ನಾಡು ಅದು.

2. ದಿನದ ಕಟ್ಟು

ಬೆಳಗಿನ ಆರೂವರೆಗೆ ಏಳುವುದು, ಪ್ರಾರ್ಥನೆ, ವ್ಯಾಯಾಮ, ತಿಂಡಿ. ಆಮೇಲೆ ಒಂಟಿಯಾಗಿ ಧರ್ಮಗ್ರಂಥದ ಓದು, ಜೊತೆಗಾರನೊಂದಿಗೆ ಓದು, ಭಾಷಾಭ್ಯಾಸ. ಹತ್ತರ ಹೊತ್ತಿಗೆ ಬೀದಿಗಿಳಿದರೆ ರಾತ್ರಿ ಒಂಬತ್ತರ ಸುಮಾರಿಗೆ ಕೋಣೆಗೆ ವಾಪಸು. ಮರುದಿನದ ಯೋಜನೆ ಬರೆದಿಟ್ಟು ಹತ್ತೂವರೆಗೆ ದೀಪ ಆರಿಸಬೇಕು. ದಶಕಗಳ ಕಾಲ ಲೋಕದ ಎಲ್ಲ ಮೂಲೆಗಳಲ್ಲೂ ಹೆಚ್ಚುಕಡಿಮೆ ಇದೇ ಕ್ರಮ ನಡೆದುಬಂತು. 2017ರಲ್ಲಿ ಆಯಾ ದೇಶದ ರೂಢಿಗೆ ಹೊಂದುವಂತೆ ಅದನ್ನು ಕೊಂಚ ಸಡಿಲಿಸಲಾಯಿತು. ವಾರಕ್ಕೊಂದು ದಿನ ಬಟ್ಟೆ ಒಗೆಯಲು, ಸಾಮಾನು ತರಲು, ಮನೆಗೆ ಪತ್ರ ಬರೆಯಲು ಬಿಡುವಿದೆ. ಅದರ ಹೆಸರೂ ‘ತಯಾರಿಯ ದಿನ’, ರಜೆಯಲ್ಲ.

ಕಾಲದಂತೆಯೇ ಹೆಸರು, ಉಡುಪು, ಹಣಗಳಿಗೂ ನಿಯಮವಿದೆ. ಹುಟ್ಟುಹೆಸರು ಹಿಂದೆ ಸರಿದು ಮನೆತನದ ಹೆಸರಿಗೆ ‘ಎಲ್ಡರ್’ ಅಥವಾ ‘ಸಿಸ್ಟರ್’ ಸೇರುತ್ತದೆ. ಎದೆಯ ಮೇಲಿನ ಕಪ್ಪು ಫಲಕದಲ್ಲಿ ಆ ಹೆಸರೂ ಚರ್ಚಿನ ಹೆಸರೂ ಇರುತ್ತವೆ. ಪ್ರೇಮ, ಸಿನಿಮಾ, ಟೆಲಿವಿಷನ್ ನಿಷಿದ್ಧ. ಖರ್ಚನ್ನು ಮಿಷನರಿಯೋ ಅವನ ಕುಟುಂಬವೋ ಹೊರಬೇಕು. 1991ರಿಂದ ಈ ವಂತಿಗೆಯನ್ನು ಸಮಗೊಳಿಸಲಾಗಿದ್ದು, ದುಬಾರಿ ಟೋಕಿಯೊಗೆ ಹೋಗುವ ಅಮೆರಿಕನ್ನನೂ ಅಗ್ಗದ ಊರಿಗೆ ಹೋಗುವವನೂ ಒಂದೇ ಮೊತ್ತ ಕೊಡುತ್ತಾರೆ. 2020ರ ಜುಲೈಯಿಂದ ಅದು ತಿಂಗಳಿಗೆ 500 ಡಾಲರ್. ಹಲವು ಮನೆಗಳಲ್ಲಿ ಮಗು ಚಿಕ್ಕದಿದ್ದಾಗಲೇ ಇದಕ್ಕಾಗಿ ಉಳಿತಾಯ ಶುರುವಾಗುತ್ತದೆ. ಹೀಗಾಗಿ ಮಿಷನ್ ಎಂಬುದು ಯುವಕನ ಒಂಟಿ ನಿರ್ಧಾರವಾಗಿ ಉಳಿಯದೆ ಮನೆಯವರೆಲ್ಲ ಹೊತ್ತ ಹರಕೆಯಾಗುತ್ತದೆ.

ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್ಮನ್ 1961ರ ‘ಅಸೈಲಮ್ಸ್’ ಕೃತಿಯಲ್ಲಿ ಸೆರೆಮನೆ, ಸೈನಿಕ ಶಿಬಿರ, ಸನ್ಯಾಸಿಗಳ ಮಠಗಳನ್ನು ‘ಸಮಗ್ರ ಸಂಸ್ಥೆ’ಗಳೆಂದು ಗುರುತಿಸಿದ. ನಿದ್ದೆ, ದುಡಿಮೆ, ವಿನೋದ ಮೂರೂ ಒಂದೇ ಅಧಿಕಾರದ ಕೆಳಗೆ, ಹೊರಜಗತ್ತಿನಿಂದ ಬೇರ್ಪಟ್ಟ ಜಾಗದಲ್ಲಿ ನಡೆಯುವುದು ಇವುಗಳ ಲಕ್ಷಣ. ಮಿಷನ್ನಿನ ಶಿಸ್ತು ಇದಕ್ಕೆ ಹತ್ತಿರದ್ದು. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ: ಇಲ್ಲಿ ಗೋಡೆಯಿಲ್ಲ. ಯುವಕ ಇಡೀ ದಿನ ನಗರದ ನಡುವೆಯೇ ಇರುತ್ತಾನೆ, ಅಂಗಡಿ, ರೈಲು, ಚಿತ್ರಮಂದಿರಗಳ ಮುಂದೆಯೇ ಸೈಕಲ್ಲಿನಲ್ಲಿ ಸಾಗುತ್ತಾನೆ. ಹಾಗಾದರೆ ಗೋಡೆ ಮಾಡಬೇಕಾದ ಕೆಲಸವನ್ನು ಇಲ್ಲಿ ಮಾಡುವವರು ಯಾರು?

3. ಜೊತೆಗಾರ

ಆ ಕೆಲಸದ ಬಹುಪಾಲು ಜೊತೆಗಾರನದು. ಮಿಷನರಿಗಳು ಯಾವಾಗಲೂ ಇಬ್ಬಿಬ್ಬರಾಗಿಯೇ ಇರಬೇಕು. ಸ್ನಾನ, ಶೌಚದಂಥ ಸಂದರ್ಭಗಳನ್ನು ಬಿಟ್ಟರೆ ಒಬ್ಬರು ಇನ್ನೊಬ್ಬರ ಕಣ್ಣಳತೆ, ಕಿವಿಯಳತೆ ಮೀರುವಂತಿಲ್ಲ. ಜೊತೆಗಾರನನ್ನು ನೇಮಿಸುವವರು ಮಿಷನ್ ಅಧ್ಯಕ್ಷರು. ಸಾಮಾನ್ಯವಾಗಿ ಆರು ವಾರಕ್ಕೊಮ್ಮೆ ವರ್ಗಾವಣೆಯ ಪಟ್ಟಿ ಬರುತ್ತದೆ. ಊರೋ ಜೊತೆಯೋ ಎರಡೂ ಒಟ್ಟಿಗೋ ಬದಲಾಗಬಹುದು. ಬಂದ ಹೊಸಬನಿಗೆ ಅಡುಗೆ, ಬಸ್ಸಿನ ದಾರಿ, ಬಾಗಿಲಲ್ಲಿ ಆಡಬೇಕಾದ ಮೊದಲ ವಾಕ್ಯ ಎಲ್ಲವನ್ನೂ ಕಲಿಸುವವನು ಅವನಿಗಿಂತ ಒಂದು ವರ್ಷವಷ್ಟೇ ಹಿರಿಯನಾದ ‘ತರಬೇತುದಾರ’.

ಈ ಜೋಡಿಯನ್ನು ಪರಸ್ಪರ ಕಾವಲು ಎಂದಷ್ಟೇ ನೋಡಿದರೆ ಅರ್ಧಸತ್ಯವಾಗುತ್ತದೆ. ಅವಳಿ ಸೋದರರಾದ ಗೋರ್ಡನ್ ಮತ್ತು ಗ್ಯಾರಿ ಶೆಪರ್ಡ್ 1960ರ ದಶಕದಲ್ಲಿ ಮೆಕ್ಸಿಕೊದಲ್ಲಿ ಮಿಷನರಿಗಳಾಗಿದ್ದರು. ಮುಂದೆ ಸಮಾಜಶಾಸ್ತ್ರಜ್ಞರಾಗಿ, ಆ ಕಾಲದ ತಮ್ಮ ದಿನಚರಿ, ಪತ್ರಗಳನ್ನೇ ಆಧರಿಸಿ 1998ರಲ್ಲಿ ‘ಮಾರ್ಮನ್ ಪ್ಯಾಸೇಜ್’ ಪ್ರಕಟಿಸಿದರು. ಬಾಲ್ಯದಿಂದ ಪ್ರೌಢತೆಗೆ ದಾಟುವ ಸಂಸ್ಕಾರವಾಗಿ ಮಿಷನ್ನನ್ನು ಓದಲು ಆ ಕೃತಿ ದಾರಿ ಮಾಡಿತು. ತಾನು ಆರಿಸದ, ಕೆಲವೊಮ್ಮೆ ತನಗೆ ಒಗ್ಗದ ವ್ಯಕ್ತಿಯೊಡನೆ ಒಂದೇ ಕೋಣೆಯಲ್ಲಿ ಬಾಳಿ, ಜಗಳವಾದರೂ ಮರುಬೆಳಗ್ಗೆ ಒಟ್ಟಿಗೆ ಪ್ರಾರ್ಥನೆಗೆ ಮಂಡಿಯೂರುವುದು ಸುಲಭದ ಪಾಠವಲ್ಲ. ಸಂಸಾರಕ್ಕೂ ಸಾರ್ವಜನಿಕ ಹೊಣೆಗೂ ಬೇಕಾದ ತಾಳ್ಮೆಯ ಅಭ್ಯಾಸ ಇಲ್ಲೇ ಆಗುತ್ತದೆ.

4. ಭಾಷೆ ಮತ್ತು ಬಾಗಿಲು

ಜಪಾನಿನ ಮಿಷನ್ ಆರಂಭವಾದದ್ದು 1901ರ ಆಗಸ್ಟ್ 12ರಂದು, ಚರ್ಚಿನ ಮುಖಂಡ ಹೀಬರ್ ಜೆ. ಗ್ರಾಂಟ್ ಮೂವರು ಸಂಗಡಿಗರೊಂದಿಗೆ ಯೊಕೊಹಾಮಾ ಬಂದರಿನಲ್ಲಿ ಇಳಿದಾಗ. ಅವರಲ್ಲಿ ಕಿರಿಯವನಾದ ಆಲ್ಮಾ ಓ. ಟೇಲರ್‌ಗೆ ಆಗ 19 ವರ್ಷ. ಹಿರಿಯರಾದ ಗ್ರಾಂಟ್‌ಗೆ ಭಾಷೆ ಕೈಗೂಡಲಿಲ್ಲ, 1903ರಲ್ಲಿ ಹಿಂದಿರುಗಿದರು. ಟೇಲರ್ 1910ರವರೆಗೂ ಅಲ್ಲೇ ಉಳಿದ, 1905ರಲ್ಲಿ ಮಿಷನ್ನಿನ ಅಧ್ಯಕ್ಷನೂ ಆದ. ಚರ್ಚಿನ ಧರ್ಮಗ್ರಂಥವಾದ ‘ಬುಕ್ ಆಫ್ ಮಾರ್ಮನ್’ಗೆ ಅವನು ಮಾಡಿದ ಅನುವಾದ ಸಾಹಿತಿ ಇಕುತಾ ಚೋಕೊ ಅವರ ಪರಿಷ್ಕರಣೆಯ ನೆರವಿನೊಂದಿಗೆ 1909ರಲ್ಲಿ ಅಚ್ಚಾಯಿತು. ಆದರೆ ಶಿಷ್ಯರ ಸಂಖ್ಯೆ ಬೆಳೆಯಲಿಲ್ಲ. 1923ರ ಮಹಾಭೂಕಂಪ ಮತ್ತು ಜಪಾನೀಯರ ವಲಸೆಗೆ ತಡೆಯೊಡ್ಡಿದ 1924ರ ಅಮೆರಿಕದ ಕಾಯಿದೆಯ ಬೆನ್ನಿಗೆ ಮಿಷನ್ ಮುಚ್ಚಿತು. ಮುಚ್ಚುವ ತೀರ್ಮಾನ ಮಾಡಿದವರು ಆ ಹೊತ್ತಿಗೆ ಚರ್ಚಿನ ಅಧ್ಯಕ್ಷರಾಗಿದ್ದ ಅದೇ ಗ್ರಾಂಟ್. ಅದು ಮತ್ತೆ ತೆರೆದದ್ದು 1948ರಲ್ಲಿ.

ಮತಾಂತರದ ಲೆಕ್ಕದಲ್ಲಿ ಆ ಮೊದಲ ಮಿಷನ್ ಸೋಲು. ಆದರೆ ಹತ್ತೊಂಬತ್ತರಲ್ಲಿ ಬಂದ ಹುಡುಗನನ್ನು ಜಪಾನೀ ಗದ್ಯದ ಅನುವಾದಕನಾಗಿ ಬೆಳೆಸಿದ್ದೂ ಅದೇ ಮಿಷನ್. ಇಂದಿನ ಮಿಷನರಿಗೆ ಯೂಟಾದ ಪ್ರೊವೊ ತರಬೇತಿ ಕೇಂದ್ರದಲ್ಲಿ ಕೆಲವು ವಾರಗಳ ಭಾಷಾಶಿಕ್ಷಣ ಸಿಗುತ್ತದೆ. ಮನೆಮನೆಯ ಬಾಗಿಲಲ್ಲಿ ಆ ಶಿಕ್ಷಣ ಎಷ್ಟು ಅಲ್ಪವೆಂದು ಮೊದಲ ವಾರದಲ್ಲೇ ತಿಳಿಯುತ್ತದೆ. ಗಂಟೆಯೊತ್ತಿದರೆ ಬಾಗಿಲು ತೆರೆಯುವುದೇ ಅಪರೂಪ. ಬೇಡವೆಂಬ ಮಾತು ಗೋಡೆಯ ಮೇಲಿನ ಪೆಟ್ಟಿಗೆಯಿಂದ ವಿನಯವಾಗಿ ಕೇಳಿಬರುತ್ತದೆ. ಒಳಗೆ ಕರೆದವರು ಮರ್ಯಾದೆಗೆಂದು ಹಸಿರು ಚಹಾ ತಂದಿಟ್ಟರೆ ಇನ್ನೊಂದು ಇಕ್ಕಟ್ಟು. ಚಹಾ, ಕಾಫಿ, ಮದ್ಯ, ತಂಬಾಕು ಈ ಧರ್ಮದಲ್ಲಿ ನಿಷಿದ್ಧ, ಬಾರ್ಲಿಯ ಪಾನೀಯವಾದರೆ ಅಡ್ಡಿಯಿಲ್ಲ. ಅತಿಥೇಯರ ಮನ ನೋಯದಂತೆ ಬಟ್ಟಲನ್ನು ನಿರಾಕರಿಸುವ ಮಾತನ್ನು ಯುವಕ ಕಲಿಯಲೇಬೇಕು. ವಾರಕ್ಕೊಮ್ಮೆ ನಡೆಸುವ ಉಚಿತ ಇಂಗ್ಲಿಷ್ ತರಗತಿಯಲ್ಲಿ ಮಾತ್ರ ಅವನು ಕೊಡುವವನ ಜಾಗದಲ್ಲಿರುತ್ತಾನೆ. ಉಳಿದ ಹೊತ್ತಿನಲ್ಲಿ ಅವನು ಅಪರಿಚಿತರ ದಯೆಯನ್ನು ನೆಚ್ಚಿದವನು. ನಂಬಿಕೆಯನ್ನು ಹೊತ್ತು ತಂದವನು ದಿನವೂ ನಿರಾಕರಣೆಯ ಮುಂದೆ ನಿಂತು, ತಾನೇಕೆ ನಂಬುತ್ತೇನೆಂದು ಪರಭಾಷೆಯ ಸರಳ ಪದಗಳಲ್ಲಿ ತನಗೇ ಹೇಳಿಕೊಳ್ಳಬೇಕಾಗುತ್ತದೆ. ದೀಕ್ಷೆಯ ತಿರುಳು ಇರುವುದು ಇಲ್ಲೇ.

5. ಲೆಕ್ಕದ ಅಪಾಯ

ಈ ಕಟ್ಟಳೆಗೆ ಕರಾಳ ಮುಖವೂ ಇದೆ. 1980ರ ದಶಕದ ಆರಂಭದಲ್ಲಿ ಟೋಕಿಯೊ ದಕ್ಷಿಣ ಮಿಷನ್ನಿನಲ್ಲಿ ದೀಕ್ಷಾಸ್ನಾನಗಳ ಸಂಖ್ಯೆ ಒಮ್ಮೆಲೇ ಏರಿತು. ಬೀದಿಯಲ್ಲಿ ಸಿಕ್ಕ ಯುವಜನರಿಗೆ ಆತುರದ ಬೋಧನೆ, ಬೆನ್ನಿಗೇ ಸ್ನಾನ; ಹೀಗೆ ಸೇರಿದವರಲ್ಲಿ ಬಹುಮಂದಿ ಚರ್ಚಿನಲ್ಲಿ ಉಳಿಯಲಿಲ್ಲ. ಜಪಾನಿನವರೇ ಆದ ಜಿರೋ ನುಮಾನೊ 2010ರಲ್ಲಿ ‘ಜರ್ನಲ್ ಆಫ್ ಮಾರ್ಮನ್ ಹಿಸ್ಟರಿ’ಯಲ್ಲಿ ಈ ಪ್ರಸಂಗವನ್ನು ಚರ್ಚಿಸಿದ್ದಾರೆ. ದಿನಚರಿ ಸಂಖ್ಯೆಯ ಗುರಿಗೆ ಅಡಿಯಾಳಾದಾಗ ಎದುರಿನವರು ಮನುಷ್ಯರಾಗಿ ಕಾಣದೆ ಅಂಕಿಗಳಾಗುತ್ತಾರೆ, ಮಿಷನರಿಯ ಆತ್ಮಸಾಕ್ಷಿಗೂ ಪೆಟ್ಟು ಬೀಳುತ್ತದೆ.

ಅವಧಿ ಮುಗಿಯುವ ಮುನ್ನವೇ ಅನಾರೋಗ್ಯದಿಂದಲೋ ಮನೋವ್ಯಥೆಯಿಂದಲೋ ಮರಳಿದವರ ಪಾಡು ಇನ್ನೊಂದು. ಅಂಥವರಲ್ಲಿ ಹೆಚ್ಚಿನವರು ತಾವು ಸೋತೆವೆಂಬ ಭಾವದಲ್ಲಿ ಬೇಯುತ್ತಾರೆಂದು ಯೂಟಾ ವ್ಯಾಲಿ ವಿಶ್ವವಿದ್ಯಾಲಯದ ಕ್ರಿಸ್ ಡೋಟಿ ಅವರ ಅಧ್ಯಯನ ತೋರಿಸಿತು. ಮಾನವಶಾಸ್ತ್ರಜ್ಞ ಆರ್ನಾಲ್ಡ್ ವಾನ್ ಗೆನೆಪ್ 1909ರಲ್ಲಿ ಗುರುತಿಸಿದ ಸಂಸ್ಕಾರದ ಮೂರು ಹಂತಗಳಲ್ಲಿ, ಅಂದರೆ ಅಗಲಿಕೆ, ಹೊಸ್ತಿಲು, ಮರುಸೇರ್ಪಡೆಗಳಲ್ಲಿ, ಕೊನೆಯದು ಇವರಿಗೆ ಸರಿಯಾಗಿ ಸಿಗುವುದಿಲ್ಲ. ಊರು ಅವರನ್ನು ಹೇಗೆ ಬರಮಾಡಿಕೊಳ್ಳಬೇಕೆಂದು ಅರಿಯದೆ ನಿಲ್ಲುತ್ತದೆ.

6. ಈಚಿನ ಬದಲಾವಣೆಗಳು

2012ರಲ್ಲಿ ಸೇವೆಗೆ ಸೇರುವ ವಯಸ್ಸನ್ನು ಗಂಡುಮಕ್ಕಳಿಗೆ 19ರಿಂದ 18ಕ್ಕೆ, ಹೆಣ್ಣುಮಕ್ಕಳಿಗೆ 21ರಿಂದ 19ಕ್ಕೆ ಇಳಿಸಿದ್ದರಿಂದ ಮಹಿಳಾ ಮಿಷನರಿಗಳ ಸಂಖ್ಯೆ ಬಹಳವಾಗಿ ಏರಿತು. ಕ್ರಿಸ್‌ಮಸ್ ಮತ್ತು ತಾಯಂದಿರ ದಿನಕ್ಕೆ ಸೀಮಿತವಾಗಿದ್ದ ಮನೆಯ ದೂರವಾಣಿ ಕರೆ 2019ರ ಫೆಬ್ರವರಿಯಿಂದ ವಾರಕ್ಕೊಮ್ಮೆಯಾಯಿತು. 2020ರ ಕೋವಿಡ್ ಕಾಲದಲ್ಲಿ ಸಾವಿರಾರು ಮಂದಿ ತಾಯ್ನಾಡಿಗೆ ಮರಳಿದರು, ತರಬೇತಿಯೂ ಬೋಧನೆಯೂ ಪರದೆಯ ಮೇಲೆ ನಡೆದವು. ಅಗಲಿಕೆ ಮೊದಲಿನಷ್ಟು ಕಠೋರವಾಗಿ ಉಳಿದಿಲ್ಲ. ಇದರಿಂದ ದೀಕ್ಷೆ ಸಡಿಲಾಯಿತೆಂದು ಕೊರಗುವವರಿದ್ದಾರೆ. ಆದರೆ ಮೇಲಿನ ವಿಶ್ಲೇಷಣೆ ಒಪ್ಪಿತವಾದರೆ ಆ ಕೊರಗಿಗೆ ಆಧಾರವಿಲ್ಲ. ಯುವಕನನ್ನು ಬೆಳೆಸಿದ್ದು ತಾಯಿಯ ದನಿಯ ಅಭಾವವಲ್ಲ. ಜೊತೆಗಾರ, ಭಾಷೆ, ಅಪರಿಚಿತರ ಬಾಗಿಲು. ಈ ಮೂರೂ ಈಗಲೂ ಇವೆ.

7. ಉಪಸಂಹಾರ

ಮಾರ್ಮನ್ ಮಿಷನ್ ಗೋಡೆಯಿಲ್ಲದೆಯೂ ದೀಕ್ಷೆ ಕೊಡಬಲ್ಲ ಸಂಸ್ಥೆ. ಅದರ ಬಲವೂ ಅಪಾಯವೂ ದಿನಚರಿಯಲ್ಲೇ ಇವೆ. ದಿನಚರಿ ಮನುಷ್ಯರತ್ತ ತೆರೆದಿದ್ದಾಗ ಅದು ಯುವಕನನ್ನು ಬೆಳೆಸುತ್ತದೆ, ಲೆಕ್ಕದತ್ತ ತಿರುಗಿದಾಗ ಕುಗ್ಗಿಸುತ್ತದೆ. ಆದ್ದರಿಂದ ಧರ್ಮಪ್ರಸಾರದ ಅಧ್ಯಯನ ಮತಾಂತರದ ಅಂಕಿಸಂಖ್ಯೆಯಲ್ಲಿ ನಿಲ್ಲದೆ ಪ್ರಸಾರಕನ ನಿತ್ಯದ ಬದುಕಿಗೂ ಕಣ್ಣುಹಾಯಿಸಬೇಕು. ಈ ಕೆಲಸಕ್ಕೆ ಕರ್ನಾಟಕದಲ್ಲೇ ಅವಕಾಶವಿದೆ. ಈ ಚರ್ಚಿನ ಮಿಷನ್ ಕೇಂದ್ರ 1993ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಭಾರತದ ಮೊದಲ ಮಾರ್ಮನ್ ದೇವಾಲಯವನ್ನು 2018ರಲ್ಲಿ ಘೋಷಿಸಿದ್ದೂ ಅದೇ ನಗರಕ್ಕೆ. ಇಲ್ಲಿ ಸೇವೆ ಸಲ್ಲಿಸಿದ, ಸಲ್ಲಿಸುತ್ತಿರುವ ಯುವಕ ಯುವತಿಯರ ದಿನಚರಿ, ಪತ್ರ, ನೆನಪುಗಳನ್ನು ಅವರ ಒಪ್ಪಿಗೆಯೊಂದಿಗೆ ಸಂಗ್ರಹಿಸುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳ ಇತಿಹಾಸ ಮತ್ತು ಸಮಾಜಶಾಸ್ತ್ರ ವಿಭಾಗಗಳು ಕೈಗೆತ್ತಿಕೊಳ್ಳಬೇಕು.