ಎದುರು ಪಾಳೆಯದ ಕಣ್ಣು

ಶ್ರೀರಂಗಪಟ್ಟಣದ ಕೋಟೆಯ ಪಶ್ಚಿಮದ ಅಂಚಿನಲ್ಲಿ, ಕಾವೇರಿ ಬಂಡೆಗಳ ನಡುವೆ ಸೀಳಿಕೊಂಡು ಬರುವ ಕಡೆ, ಗೋಡೆ ಒಡೆದ ಜಾಗವೊಂದಿದೆ. 1799ರ ಮೇ 4ರ ಮಧ್ಯಾಹ್ನ ಇಂಗ್ಲಿಷರ ದಂಡು ನದಿಯನ್ನು ದಾಟಿ ಅಲ್ಲಿಂದಲೇ ಒಳನುಗ್ಗಿತು. ಹೊತ್ತು ಮುಳುಗುವುದರೊಳಗೆ ಟಿಪ್ಪು ಸುಲ್ತಾನ ಮಡಿದಿದ್ದ. ಪ್ರತಿವರ್ಷ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯುವ ನನಗೆ, ಆ ಮುರುಕು ಗೋಡೆಯ ಬಳಿ ನಿಂತಾಗಲೆಲ್ಲ ಒಂದು ಕಂಪ್ಯೂಟರ್ ಆಟ ನೆನಪಾಗುತ್ತದೆಯೆಂದರೆ ವಾಚಕರು ನಕ್ಕಾರು. ಆದರೂ ಹೇಳಿಬಿಡುತ್ತೇನೆ.

ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದ ದಿನಗಳು. ಸಂಜೆ ಗೆಳೆಯರೊಡನೆ ಸೈಬರ್ ಅಂಗಡಿಗೆ ಹೋಗಿ, ಗಂಟೆಗಿಷ್ಟೆಂದು ಹಣ ತೆತ್ತು ಆಡುತ್ತಿದ್ದ ಆಟಗಳಲ್ಲಿ 1998ರಲ್ಲಿ ಹೊರಬಂದ 'ಹಾಫ್ ಲೈಫ್' ಒಂದು. ಅದರಲ್ಲಿ ನಾಯಕನ ಮುಖ ಕಾಣುವುದಿಲ್ಲ. ಅವನ ಕಣ್ಣೇ ನಮ್ಮ ಕಣ್ಣು, ಅವನ ಕೈಯ ಬಂದೂಕೇ ನಮ್ಮ ಬಂದೂಕು. ಅಮೆರಿಕದ ಮರುಭೂಮಿಯ ನೆಲದಡಿಯಲ್ಲಿ 'ಬ್ಲ್ಯಾಕ್ ಮೇಸಾ' ಎಂಬ ಪ್ರಯೋಗಾಲಯ. ಅಲ್ಲಿ ಒಂದು ಪ್ರಯೋಗ ಕೈಮೀರಿ, ಬೇರೊಂದು ಲೋಕದ ಬಾಗಿಲು ತೆರೆದು, ಭಯಂಕರ ಜೀವಿಗಳು ನುಗ್ಗುತ್ತವೆ. ಗಾರ್ಡನ್ ಫ್ರೀಮನ್ ಎಂಬ ವಿಜ್ಞಾನಿಯಾಗಿ ನಾವು ಹೋರಾಡುತ್ತ ಹೊರಬರಬೇಕು. ಕಾಪಾಡಲು ಸರ್ಕಾರ ಸೈನ್ಯ ಕಳಿಸಿತೆಂದು ಹಿಗ್ಗುವಷ್ಟರಲ್ಲಿ, ಆ ಸೈನಿಕರು ಗುಟ್ಟು ಮುಚ್ಚಲೆಂದು ವಿಜ್ಞಾನಿಗಳನ್ನೇ ಕೊಲ್ಲತೊಡಗುತ್ತಾರೆ. ಅವರ ಮೇಲೆ ನಮಗೆ ಹುಟ್ಟುತ್ತಿದ್ದ ಸಿಟ್ಟು ಅಷ್ಟಿಷ್ಟಲ್ಲ.

1999ರ ನವೆಂಬರಿನಲ್ಲಿ ಇದಕ್ಕೊಂದು ವಿಸ್ತರಣೆ ಹೊರಬಂತು: 'ಆಪೋಸಿಂಗ್ ಫೋರ್ಸ್', ಎದುರು ಬಲ. ವಿಸ್ತರಣೆಯೆಂದರೆ ಹೊಸ ಆಟವಲ್ಲ. ಮೂಲದ ಆಟ ಕಂಪ್ಯೂಟರಿನಲ್ಲಿ ಇದ್ದರೆ ಮಾತ್ರ ನಡೆಯುವಂಥದು, ಪುಸ್ತಕಕ್ಕೆ ಪುರವಣಿಯಿದ್ದಂತೆ. ಮೂಲವನ್ನು ರಚಿಸಿದ ವಾಲ್ವ್ ಸಂಸ್ಥೆಯಲ್ಲದೆ, ಟೆಕ್ಸಾಸಿನ ಗೇರ್‌ಬಾಕ್ಸ್ ಎಂಬವರು ಇದನ್ನು ಕಟ್ಟಿದರು. ಹೊಸ ಆಯುಧ, ಹೊಸ ಜೀವಿಗಳನ್ನೆಲ್ಲ ಸೇರಿಸಿದರು. ಅದು ದೊಡ್ಡ ಮಾತಲ್ಲ. ದೊಡ್ಡ ಮಾತೆಂದರೆ, ಈ ಸಲ ನಮ್ಮನ್ನು ಸೈನಿಕನನ್ನಾಗಿ ಮಾಡಿದರು. ಏಡ್ರಿಯನ್ ಶೆಫರ್ಡ್ ಎಂಬ ಆ ಯುವಕ ಕುಳಿತ ವಿಮಾನ, ಅವನಿಗೆ ಆಜ್ಞೆ ಏನೆಂದು ತಿಳಿಯುವ ಮೊದಲೇ ಉರುಳುತ್ತದೆ. ಅವನು ಕಣ್ಣು ಬಿಡುವ ವೇಳೆಗೆ ಸೈನ್ಯ ಹಿಂದಿರುಗುವ ಅವಸರದಲ್ಲಿದೆ. ನಿನ್ನೆ ನಾವು ಗುಂಡಿಕ್ಕಿ ಕೆಡವಿದವರಲ್ಲೊಬ್ಬ ಇಂದು ನಮ್ಮ ಕಣ್ಣಿನಿಂದ ದಾರಿ ಹುಡುಕುತ್ತಾನೆ.

ಆಟದ ನಡುವೆ ಒಂದೆಡೆ ಶೆಫರ್ಡ್‌ಗೆ ದೂರದಲ್ಲಿ ಫ್ರೀಮನ್ ಕಾಣುತ್ತಾನೆ, ಆ ಬೇರೆ ಲೋಕದ ಬಾಗಿಲಿಗೆ ಹಾರುತ್ತಿರುವಂತೆ. ಮೂಲದಲ್ಲಿ ನಾವೇ ಹಾರಿದ್ದ ಹಾರುವಿಕೆ ಅದು! ಹುರುಪಿನಿಂದ ಅವನ ಬೆನ್ನಟ್ಟಿ ಹಾರಿದರೆ ಆಟ ಅಲ್ಲಿಗೇ ಮುಗಿಯುತ್ತದೆ. ಕಾಲದ ನಡೆಗೆ ವಿರುದ್ಧವಾಗಿ ನಡೆದೆಯೆಂಬ ಎಚ್ಚರಿಕೆ ತೆರೆಯ ಮೇಲೆ ಮೂಡುತ್ತದೆ. ನಡೆದುಹೋದದ್ದನ್ನು ಇನ್ನೊಂದು ಕಡೆಯಿಂದ ನೋಡಬಹುದು, ಬದಲಿಸಲಾಗದು. ಇತಿಹಾಸದ ಮೇಷ್ಟರಿಲ್ಲದೆ ನಾನು ಕಲಿತ ಇತಿಹಾಸದ ಪಾಠ ಇದು.

ಆ ಆಟ ಹೊರಬಂದದ್ದು ಪಟ್ಟಣ ಬಿದ್ದ ಇನ್ನೂರನೆಯ ವರ್ಷ. ಕಾಕತಾಳೀಯವೆನ್ನಿ. ಆದರೆ ನೋಡುವವನನ್ನು ಯುದ್ಧದ ನಡುವೆ ನಿಲ್ಲಿಸುವ ಚಪಲ ಕಂಪ್ಯೂಟರಿನಿಂದ ಬಂದದ್ದಲ್ಲ. 1800ರಲ್ಲೇ ರಾಬರ್ಟ್ ಕೆರ್ ಪೋರ್ಟರ್ ಎಂಬ ಕಲಾವಿದ ನೂರಡಿಗೂ ಮಿಗಿಲಾದ ಬಟ್ಟೆಯ ಮೇಲೆ ನಮ್ಮ ಕೋಟೆಗೆ ಲಗ್ಗೆಯಿಟ್ಟುದನ್ನು ಬರೆದ. ಲಂಡನ್ನಿನ ಜನ ಹಣ ಕೊಟ್ಟು ಅದರ ಮುಂದೆ ನಿಂತು, ತಾವೇ ಕಾವೇರಿ ದಾಟಿದಂತೆ ಪುಳಕಗೊಂಡರು. ಅದಕ್ಕೂ ಮುಂಚೆ, 1784ರಲ್ಲಿ ಕಟ್ಟಿದ ದರಿಯಾ ದೌಲತ್ತಿನ ಗೋಡೆಯ ಮೇಲೆ ಟಿಪ್ಪು 1780ರ ಪೊಲ್ಲಿಲೂರಿನ ಯುದ್ಧವನ್ನು ಬರೆಸಿದ್ದ. ಅಲ್ಲಿ ಮದ್ದಿನ ಬಂಡಿ ಸಿಡಿಯುತ್ತದೆ, ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೈಲಿ ಸೋಲುತ್ತಾನೆ. ಒಂದು ಚಿತ್ರದಲ್ಲಿ ಅವರು ವೀರರು, ಇನ್ನೊಂದರಲ್ಲಿ ನಾವು. ಎರಡನ್ನೂ ನೋಡಿದವನಿಗೆ ಮಾತ್ರ ಡೇವಿಡ್ ಬೇರ್ಡ್ ಅರ್ಥವಾದಾನು. ಪೊಲ್ಲಿಲೂರಿನಲ್ಲಿ ಸೆರೆಸಿಕ್ಕು, 1784ರವರೆಗೆ ಪಟ್ಟಣದಲ್ಲಿ ಬೇಡಿ ತೊಟ್ಟಿದ್ದ ಅವನೇ 1799ರಲ್ಲಿ ಲಗ್ಗೆಯ ಮುಂದಾಳಾದ.

ಪಾಳೆಯಗಳು ಎರಡೇ ಇರಲಿಲ್ಲ. ಇಂದಿನ ಪಾಂಡವಪುರಕ್ಕೆ ಒಂದು ಕಾಲಕ್ಕೆ ಫ್ರೆಂಚ್ ರಾಕ್ಸ್ ಎಂದು ಹೆಸರಿತ್ತು. ಹೈದರ್-ಟಿಪ್ಪುಗಳ ಸೇವೆಯಲ್ಲಿದ್ದ ಫ್ರೆಂಚರು ಅಲ್ಲಿನ ಬಂಡೆಗಳ ಬಳಿ ಬಿಡಾರ ಹೂಡಿದ್ದರು. ನಾಗಮಂಗಲವನ್ನು 1792ರ ಯುದ್ಧಕಾಲದಲ್ಲಿ ಮರಾಠರ ದಂಡು ಹಾಳುಗೆಡವಿತು. ಕೃಷ್ಣರಾಜಪೇಟೆ ಆಗ ಅತ್ತಿಗುಪ್ಪೆ. ದಂಡು ಬಂತೆಂದರೆ ಅದು ಯಾರ ದಂಡೆಂದು ಕೇಳದೆ ಮಕ್ಕಳನ್ನೂ ಕಾಳನ್ನೂ ಹೊತ್ತು ಕಾಡು ಸೇರುವುದು ಆ ಕಾಲದ ಹಳ್ಳಿಯವರ ಪಾಡು. ಅದನ್ನು ವರ್ಣಿಸಲು ಇಂಗ್ಲಿಷ್ ಮಾತು ಸಾಲದೆ, ಮೈಸೂರಿನ ಇತಿಹಾಸ ಬರೆದ ಕರ್ನಲ್ ವಿಲ್ಕ್ಸ್ ನಮ್ಮ 'ವಲಸೆ' ಎಂಬ ಪದವನ್ನೇ ಬಳಸಿದ. 2001ರಲ್ಲಿ ಬಂದ 'ಬ್ಲೂ ಶಿಫ್ಟ್' ಎಂಬ ಮುಂದಿನ ಕಂತಿನಲ್ಲಿ ಅದೇ ಪ್ರಯೋಗಾಲಯದ ಒಬ್ಬ ಸಾಮಾನ್ಯ ಕಾವಲುಗಾರ ನಾಯಕನಾದ. ಜೀವ ಉಳಿಸಿಕೊಂಡು ಹೊರಬರುವುದಷ್ಟೇ ಅವನ ಸಾಹಸ. ನಮ್ಮ ಅತ್ತಿಗುಪ್ಪೆಯ ರೈತನ ಕಂತನ್ನು ಇನ್ನೂ ಯಾರೂ ಬರೆದಿಲ್ಲವೆನ್ನಿಸುತ್ತದೆ.

ಈಗ ನನ್ನದೊಂದು ತಪ್ಪೊಪ್ಪಿಗೆ. ಕೆಲವು ವರ್ಷಗಳ ಹಿಂದೆ ಶ್ರೀರಂಗಪಟ್ಟಣದ ಮೇಲೆ ಪ್ರಬಂಧ ಬರೆಯಿರೆಂದು ತರಗತಿಯಲ್ಲಿ ಹೇಳಿದ್ದೆ. ಮೇಲುಕೋಟೆಯ ಕಡೆಯ ಹುಡುಗಿಯೊಬ್ಬಳು, ತಮ್ಮ ಮನೆಯಲ್ಲಿ ನರಕಚತುರ್ದಶಿಯ ಹಬ್ಬವಿಲ್ಲ, ಅಂದು ಟಿಪ್ಪು ತಮ್ಮ ಹಿರಿಯರನ್ನು ಕೊಲ್ಲಿಸಿದನೆಂದು ಅಜ್ಜಿ ಹೇಳುತ್ತಾಳೆ ಎಂದು ಬರೆದಿದ್ದಳು. ಮಂಡ್ಯಂ ಅಯ್ಯಂಗಾರರಲ್ಲಿ ಈ ನೆನಪು ಇಂದಿಗೂ ಉಳಿದಿದೆ. ನಾನು ಕೆಂಪು ಶಾಯಿಯಲ್ಲಿ 'ವಿಷಯಾಂತರ' ಎಂದು ಗೀಚಿದೆ. ಅದೇ ಕಂತೆಯಲ್ಲಿ ಇನ್ನೊಬ್ಬ ಹುಡುಗ, ಪಟ್ಟಣದ ಲಾವಣಿಗಳಲ್ಲಿ ಟಿಪ್ಪುವಿನ ಸಾವಿಗೆ ಜನ ಅಳುವುದನ್ನು ಬರೆದಿದ್ದ. ಅವನಿಗೆ ಒಳ್ಳೆಯ ಅಂಕ ಕೊಟ್ಟೆ. ಹುಡುಗಿ ಏನೂ ಕೇಳಲಿಲ್ಲ. ಮತ್ತೆ ಆ ವರ್ಷ ತನ್ನ ಮನೆಯ ಮಾತನ್ನು ಬರೆಯಲೂ ಇಲ್ಲ.

ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸುವುದು ನಮ್ಮ ಇಂದಿನ ಚಟ. ಟಿಪ್ಪು ವೀರನೆಂದರೆ ಅಜ್ಜಿಯ ನೆನಪು ಸುಳ್ಳಾಗಬೇಕು. ಅಜ್ಜಿಯ ನೆನಪು ನಿಜವೆಂದರೆ 1791ರಲ್ಲಿ ಮರಾಠರ ದಂಡಿನಿಂದ ಸೂರೆಯಾದ ಶೃಂಗೇರಿಯ ಮಠಕ್ಕೆ ಅವನು ನೆರವಿತ್ತು ಬರೆದ ಕನ್ನಡದ ಪತ್ರಗಳು ಸುಳ್ಳಾಗಬೇಕು! ಆ ಪತ್ರಗಳು 1916ರಲ್ಲಿ ಆರ್. ನರಸಿಂಹಾಚಾರ್ಯರಿಗೆ ದೊರೆತಾಗ ಇತಿಹಾಸ ತಲೆಕೆಳಗಾಗಲಿಲ್ಲ, ಹಿಗ್ಗಿತು. ವಿಸ್ತರಣೆಯ ಧರ್ಮ ಇದೇ. ಅದು ಮೂಲವನ್ನು ಅಳಿಸದು; ಮೂಲವಿಲ್ಲದೆ ಅದು ನಡೆಯಲೂ ಆರದು. ಆದರೆ ಅದನ್ನು ಆಡಿದ ಮೇಲೆ ಮೂಲಕ್ಕೆ ಮರಳಿದವನ ಬೆರಳು, ಎದುರಿನ ಸೈನಿಕನನ್ನು ಕಂಡಾಗ ಒಂದು ಕ್ಷಣ ತಡೆಯುತ್ತದೆ. ನನ್ನ ಬೆರಳು ತಡೆದಿತ್ತು. ಕೆಂಪು ಶಾಯಿ ಹಿಡಿದಾಗ ಮಾತ್ರ ಯಾಕೆ ತಡೆಯಲಿಲ್ಲವೋ!

ಈಗ ಆ ಮುರಿದ ಗೋಡೆಯ ಬಳಿ ಹೋದಾಗ ವಿದ್ಯಾರ್ಥಿಗಳನ್ನು ಮೊದಲು ನದಿಯ ಕಡೆ ಮುಖ ಮಾಡಿ ನಿಲ್ಲಿಸುತ್ತೇನೆ, ಆಮೇಲೆ ಊರಿನ ಕಡೆ. ಮನೆಯ ಮಾತು ಬರೆದು ತನ್ನಿರೆನ್ನುತ್ತೇನೆ. ನಾಲ್ಕು ತಾಲ್ಲೂಕಿನ ಮಕ್ಕಳು ನಾಲ್ಕು ಬಗೆಯಾಗಿ ಬರೆದು ತರುತ್ತಾರೆ. ಶಾಯಿಯ ಬಣ್ಣವನ್ನೂ ಬದಲಿಸಿದ್ದೇನೆ.