ಪಾಠದ ಪುಸ್ತಕದಲ್ಲಿಲ್ಲದ ತಂಗಿ

ಚರಿತ್ರೆಯ ಪಾಠದಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಹೆಸರು ಬಂದರೆ ಎರಡು ಮೂರು ಸಾಲಿನಲ್ಲಿ ಮುಗಿದುಹೋಗುತ್ತದೆ. 1886ರಲ್ಲಿ ಪುದುಕ್ಕೋಟೆಯಲ್ಲಿ ಜನನ, 1912ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನಿಂದ ವೈದ್ಯ ಪದವಿ, ಮದ್ರಾಸ್ ಶಾಸನಸಭೆಯ ಉಪಾಧ್ಯಕ್ಷೆ, ದೇವದಾಸಿ ಪದ್ಧತಿಯ ವಿರುದ್ಧ ಹೋರಾಟ. ಮಕ್ಕಳು ಇಷ್ಟನ್ನು ಬಾಯಿಪಾಠ ಮಾಡಿ ಬರೆದರೆ ನಾವು ಅಂಕ ಕೊಟ್ಟುಬಿಡುತ್ತೇವೆ. ಆಕೆಗೊಬ್ಬ ತಂಗಿಯಿದ್ದಳು, ಆ ತಂಗಿ ಚಿಕ್ಕ ವಯಸ್ಸಿನಲ್ಲೇ ಹೋಗಿಬಿಟ್ಟಳು ಎಂಬುದು ಯಾವ ಪ್ರಶ್ನೆಪತ್ರಿಕೆಗೂ ಬೇಕಾಗುವುದಿಲ್ಲ. ನನಗೇನೋ ಆ ಎರಡು ಮೂರು ಸಾಲಿಗಿಂತ ಈ ತಂಗಿಯ ಕಥೆಯೇ ದೊಡ್ಡದೆನಿಸುತ್ತದೆ.

ತಂಗಿಗೆ ಬಂದದ್ದು ಆಮಶಂಕೆ ಎಂದು ತಿಳಿದಿದ್ದರು. ಔಷಧವೂ ಅದಕ್ಕೇ ನಡೆಯಿತು. ಗುಣವಾಗಲಿಲ್ಲ. ಕೊನೆಗೆ ಗೊತ್ತಾದದ್ದು ಅದು ಗುದನಾಳದ ಕ್ಯಾನ್ಸರ್ ಎಂದು. ಅಷ್ಟು ಹೊತ್ತಿಗೆ ರೋಗ ಬಲಿತುಬಿಟ್ಟಿತ್ತು. 1923ರಲ್ಲಿ ಆಕೆ ತೀರಿಕೊಂಡಳು.

ಇದು ನಡೆದದ್ದು ಎಂಥ ಮನೆಯಲ್ಲಿ ಎಂಬುದನ್ನು ನೋಡಬೇಕು. ತಂದೆ ಕಾಲೇಜಿನ ಪ್ರಿನ್ಸಿಪಾಲರಾಗಿದ್ದವರು. ಅಕ್ಕ ಡಾಕ್ಟರು, ಅಕ್ಕನ ಗಂಡ ಸುಂದರ ರೆಡ್ಡಿಯವರೂ ಡಾಕ್ಟರು. ಮದ್ರಾಸಿನ ದೊಡ್ಡ ವೈದ್ಯರ ಪರಿಚಯಕ್ಕೆ ಕೊರತೆಯಿರಲಿಲ್ಲ. ಅಷ್ಟಿದ್ದೂ ಬೇನೆ ಬೇರೊಂದು ಹೆಸರಿನಲ್ಲಿ ಮನೆಯೊಳಗೇ ಕುಳಿತಿತ್ತು. ರಕ್ತ, ಲೋಳೆ, ಮೇಲಿಂದ ಮೇಲೆ ಹೊರಗೆ ಹೋಗಬೇಕೆನಿಸುವುದು—ಎರಡು ರೋಗಕ್ಕೂ ಲಕ್ಷಣ ಹೆಚ್ಚುಕಡಿಮೆ ಒಂದೇ. ಜೊತೆಗೆ, ಚಿಕ್ಕ ವಯಸ್ಸಿನವಳಿಗೆ ಕ್ಯಾನ್ಸರ್ ಇರಬಹುದೆಂದು ಯಾರಿಗೆ ತಾನೇ ಹೊಳೆದೀತು? ನಮ್ಮ ಮನೆಗಳಲ್ಲಿ ಇಂದಿಗೂ ಮೊದಲು ಮಜ್ಜಿಗೆ, ಆಮೇಲೆ ದಾಳಿಂಬೆ ಸಿಪ್ಪೆಯ ಕಷಾಯ, ಅದರ ಮೇಲೆ ಯಾರೋ ಹೇಳಿದ ಮಾತ್ರೆ. ಹೆಂಗಸರಂತೂ ರಕ್ತ ಹೋಗುವುದನ್ನು ಗಂಡನಿಗೂ ಹೇಳುವುದಿಲ್ಲ. ಮೂಲವ್ಯಾಧಿ ಇರಬೇಕೆಂದು ತಾವೇ ತೀರ್ಮಾನ ಮಾಡಿಕೊಂಡು, ನಾಚಿಕೆಯಿಂದ ತಿಂಗಳುಗಟ್ಟಲೆ ಕಳೆಯುತ್ತಾರೆ.

ಡಾಕ್ಟರಾದ ಅಕ್ಕ ಹಾಸಿಗೆಯ ಪಕ್ಕದಲ್ಲಿ ಕುಳಿತು ಏನು ಯೋಚಿಸಿರಬಹುದು! ಓದು ಬಾರದವರು ಹಣೆಬರಹವೆಂದು ಕೈಚೆಲ್ಲಬಹುದು. ಓದಿದವಳಿಗೆ ಮುಂದೆ ಏನಾಗುತ್ತದೆಂಬುದು ದಿನದಿನಕ್ಕೂ ಗೊತ್ತು. ಗೊತ್ತಿದ್ದೂ ತಂಗಿಯ ಮುಂದೆ ಮುಖದಲ್ಲಿ ತೋರಿಸುವಂತಿಲ್ಲ. ಮನೆಯಲ್ಲಿ ಇಂಥ ರೋಗಿಯಿರುವವರಿಗೆ ಈ ಕಷ್ಟ ವಿವರಿಸಿ ಹೇಳಬೇಕಾಗಿಲ್ಲ.

1925ರಲ್ಲಿ ಮುತ್ತುಲಕ್ಷ್ಮಿಯವರು ಇಂಗ್ಲೆಂಡಿಗೆ ಹೋದರು. ಹೋದದ್ದು ಹೆಂಗಸರ ಮತ್ತು ಮಕ್ಕಳ ರೋಗಗಳ ಬಗ್ಗೆ ಹೆಚ್ಚಿನ ಅಭ್ಯಾಸಕ್ಕೆಂದು. ಆದರೆ ಲಂಡನ್ನಿನ ರಾಯಲ್ ಕ್ಯಾನ್ಸರ್ ಆಸ್ಪತ್ರೆಯನ್ನೂ ಕಂಡು ಬಂದರು. ರೋಗವನ್ನು ಬೇಗ ಗುರುತಿಸಿದರೆ ಶಸ್ತ್ರಚಿಕಿತ್ಸೆಯಿಂದಲೋ ರೇಡಿಯಂನಿಂದಲೋ ಕೆಲವರನ್ನಾದರೂ ಉಳಿಸಬಹುದೆಂಬುದು ಅಲ್ಲಿ ಕಣ್ಣಿಗೆ ಬಿತ್ತು. ನಮ್ಮಲ್ಲಿ ಅಂಥದೊಂದು ಆಸ್ಪತ್ರೆ ಏಕಿರಬಾರದು? 1935ರಲ್ಲಿ ತಾವು ಓದಿದ ಮೆಡಿಕಲ್ ಕಾಲೇಜಿನ ಶತಮಾನೋತ್ಸವ ಬಂದಾಗ ಈ ಮಾತನ್ನು ಎಲ್ಲರೆದುರು ಎತ್ತಿದರು. ಮಾತಿಗೆ ತಲೆದೂಗಿದವರು ಇದ್ದರೇನೋ, ಹಣ ಮಾತ್ರ ಬರಲಿಲ್ಲ. ಕ್ಯಾನ್ಸರ್ ಬಂದವರು ಹೇಗೂ ಸಾಯುವವರೇ, ಅವರಿಗೇಕೆ ಬೇರೆ ಆಸ್ಪತ್ರೆ ಎಂಬ ಭಾವನೆ ಅಧಿಕಾರದಲ್ಲಿದ್ದವರಲ್ಲೂ ಇತ್ತು.

ಆಗ ನೆರವಿಗೆ ನಿಂತದ್ದು ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್ ಎಂಬ ಹೆಂಗಸರ ಸಂಘ. ಅದರ ಹೆಸರಿನಲ್ಲೇ ಕ್ಯಾನ್ಸರ್ ಪರಿಹಾರ ನಿಧಿ ಕೂಡಿಸಿದರು. ಮಹಿಳಾ ಸಮಾಜವೆಂದರೆ ಅರಿಸಿನ ಕುಂಕುಮ, ರಂಗೋಲಿ ಸ್ಪರ್ಧೆ ಎಂದು ನಗುವವರು ಈ ಸಂಗತಿಯನ್ನು ಒಮ್ಮೆ ಓದಬೇಕು. 1952ರಲ್ಲಿ ಪಂಡಿತ ನೆಹರೂ ಅವರು ಅಡ್ಯಾರಿನಲ್ಲಿ ಶಂಕುಸ್ಥಾಪನೆ ಮಾಡಿದರು. 1954ರ ಜೂನ್ ತಿಂಗಳಲ್ಲಿ ಹನ್ನೆರಡೇ ಹಾಸಿಗೆಗಳ ಆಸ್ಪತ್ರೆ ತೆರೆಯಿತು. ತಂಗಿ ಹೋಗಿ ಮೂವತ್ತೊಂದು ವರ್ಷವಾಗಿತ್ತು, ಅಕ್ಕನಿಗೆ ಅರವತ್ತೇಳು.

ಆಸ್ಪತ್ರೆಯ ಭಾರ ಹೊತ್ತವರು ಅವರ ಮಗ ಡಾ. ಕೃಷ್ಣಮೂರ್ತಿ. ಚಿಕ್ಕಮ್ಮ ಸತ್ತಾಗ ಇನ್ನೂ ಪುಟ್ಟ ಹುಡುಗನಾಗಿದ್ದವರು. ಮರುವರ್ಷ, 1955ರಲ್ಲಿ, ಡಾ. ವಿ. ಶಾಂತಾ ಎಂಬ ತರುಣ ವೈದ್ಯೆ ಬಂದು ಸೇರಿಕೊಂಡರು. ಸರ್ಕಾರಿ ಕೆಲಸ ಸಿಗುವಂತಿದ್ದರೂ ಅದನ್ನು ಬಿಟ್ಟು ಬಂದವರು. 2021ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಉಳಿದರು. ಬೆಂಗಳೂರಿನಲ್ಲಿ ನಮ್ಮ ಕಿದ್ವಾಯಿ ಸಂಸ್ಥೆ ಹುಟ್ಟಿದ್ದು 1973ರಲ್ಲಿ, ಅಂದರೆ ಅಡ್ಯಾರಿಗಿಂತ ಸುಮಾರು ಇಪ್ಪತ್ತು ವರ್ಷ ತಡವಾಗಿ.

ಮುತ್ತುಲಕ್ಷ್ಮಿಯವರು 1968ರವರೆಗೆ ಬದುಕಿದ್ದರು. ಆಸ್ಪತ್ರೆ ಬೆಳೆಯುವುದನ್ನು ಕಂಡರು. ಅಲ್ಲಿಗೆ ಬರುತ್ತಿದ್ದವರಲ್ಲಿ ಬಹಳ ಮಂದಿ, ಬೇರೆ ಯಾವುದೋ ಕಾಯಿಲೆಯೆಂದು ಔಷಧ ತಿಂದು ತಿಂದು, ರೋಗ ಬಲಿತ ಮೇಲೆ ಬಂದವರೇ. ಅವರ ಜೊತೆ ಅಕ್ಕನೋ ಅಮ್ಮನೋ ಗಂಟು ಹಿಡಿದುಕೊಂಡು ಬಂದಿರುತ್ತಿದ್ದರು.