ಮನೆಯ ಸಾಬೂನಿಗೆ ಮಳಿಗೆಯ ಮೆರುಗು

ಮನೆಯಲ್ಲಿ ಕೈಯಾರೆ ತಯಾರಿಸಿದ ಸಾಬೂನು ಗುಣದಲ್ಲಿ ಅಂಗಡಿಯ ಸಾಬೂನಿಗೆ ಸರಿಸಮವಾಗಿರಬಹುದು. ಆದರೆ ಅದರ ಮೇಲೆ ಬಿಳಿ ಪುಡಿ ಹರಡಿದ್ದರೆ, ಅಂಚು ಮುರಿದಿದ್ದರೆ, ಹೊದಿಕೆಯ ಕಾಗದಕ್ಕೆ ಎಣ್ಣೆ ಇಳಿದಿದ್ದರೆ ಗ್ರಾಹಕರು ಅದನ್ನು ಕೈಗೆತ್ತಿಕೊಳ್ಳಲು ಹಿಂಜರಿಯುತ್ತಾರೆ. ಹವ್ಯಾಸಕ್ಕಾಗಿ ಸಾಬೂನು ಮಾಡುತ್ತಿದ್ದವರು ಹಾಗೂ ಸ್ವಸಹಾಯ ಸಂಘಗಳ ಸದಸ್ಯೆಯರು ಅದನ್ನು ಮಾರಾಟಕ್ಕಿಡಲು ಮುಂದಾದಾಗ ಎದುರಾಗುವ ಮೊದಲ ತೊಡಕು ಇದು. ಈ ಮೆರುಗಿನ ಬಹುಪಾಲು ಅಚ್ಚಿಗೆ ಎರೆಯುವ ಹೊತ್ತಿನಲ್ಲಿ ಮತ್ತು ಒಣಗಿಸುವ ವಾರಗಳಲ್ಲಿಯೇ ನಿರ್ಧಾರವಾಗುತ್ತದೆ. ಹೊದಿಕೆಯ ಪಾಲು ಆನಂತರದ್ದು.

ಸಾಬೂನಿನ ರೂಪಕ್ಕೂ ಪೆಟ್ಟಿಗೆಗೂ ಇರುವ ಬೆಲೆಯನ್ನು ಕನ್ನಡ ನಾಡು ಬಹಳ ಹಿಂದೆಯೇ ಅರಿತಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯಲ್ಲಿ, ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದ ಸೋಸಲೆ ಗರಳಪುರಿ ಶಾಸ್ತ್ರಿ ಅವರು ಮೈಸೂರು ಸ್ಯಾಂಡಲ್ ಸಾಬೂನನ್ನು ರೂಪಿಸಿದರು. ಆಯತಾಕಾರದ ಸಾಬೂನುಗಳೇ ರೂಢಿಯಲ್ಲಿದ್ದ ಕಾಲದಲ್ಲಿ ಅದಕ್ಕೆ ಅಂಡಾಕಾರ ನೀಡಲಾಯಿತು. ಆಭರಣದ ಪೆಟ್ಟಿಗೆಯನ್ನು ಹೋಲುವ ಹೊದಿಕೆ, ಶರಭದ ಲಾಂಛನ ಜೊತೆಗೂಡಿದವು. ಗಂಧದೆಣ್ಣೆಯ ಪರಿಮಳದಷ್ಟೇ ಆ ಪೆಟ್ಟಿಗೆಯೂ ಮನೆಮಾತಾಯಿತು.

ಬಿಳಿ ಪುಡಿಯ ಕಾಟ

ಎಣ್ಣೆಗೆ ಕಾಸ್ಟಿಕ್ ಸೋಡಾದ ದ್ರಾವಣವನ್ನು ಬೆರೆಸಿ, ಹೊರಗಿನಿಂದ ಬೇಯಿಸದೆ ಅಚ್ಚಿಗೆ ಎರೆಯುವುದು ಶೀತಲ ವಿಧಾನ. ಮನೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಇದೇ. ಈ ವಿಧಾನದ ಸಾಬೂನಿನ ಮೇಲ್ಮೈಯಲ್ಲಿ ಬೂದಿಯಂತಹ ಬಿಳಿ ಪದರ ಕಾಣಿಸಿಕೊಳ್ಳುವುದುಂಟು. ಇನ್ನೂ ಎಣ್ಣೆಯೊಡನೆ ಕೂಡದ ಕ್ಷಾರವು ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಸೋಡಿಯಂ ಕಾರ್ಬೊನೇಟ್ ಆಗುವುದೇ ಇದಕ್ಕೆ ಕಾರಣ. ತೆಳುವಾದ ಪದರದಿಂದ ಸಾಬೂನು ಕೆಡುವುದಿಲ್ಲ. ಆದರೆ ಬಣ್ಣ ಮಂಕಾಗಿ, ಅಚ್ಚಿನ ಗುರುತು ಮಸುಕಾಗುತ್ತದೆ.

ತಡೆಯುವ ಉಪಾಯಗಳು ಸರಳ. ದ್ರಾವಣಕ್ಕೆ ನೀರನ್ನು ಮಿತವಾಗಿ ಬಳಸುವುದು, ಎರೆದ ಕೂಡಲೇ ಅಚ್ಚನ್ನು ಗಾಳಿಯಾಡದಂತೆ ಮುಚ್ಚುವುದು, ಹಳೆಯ ಟವೆಲ್ ಸುತ್ತಿ ಒಳಗಿನ ಬಿಸಿ ಆರದಂತೆ ಒಂದು ದಿನ ಕಾಯುವುದು ಮುಖ್ಯ. ಮೇಲ್ಮೈಗೆ ಐಸೋಪ್ರೊಪೈಲ್ ಆಲ್ಕೋಹಾಲನ್ನು ಸಿಂಪಡಿಸುವ ಪದ್ಧತಿಯೂ ಇದೆ. ಅದು ಬೇಗ ಬೆಂಕಿ ಹೊತ್ತಿಕೊಳ್ಳುವ ದ್ರವವಾದುದರಿಂದ ಅಡುಗೆ ಒಲೆಯ ಬಳಿ ಬಳಸಬಾರದು.

ಪದರ ಈಗಾಗಲೇ ಮೂಡಿದ್ದರೆ, ಕುದಿಯುವ ಕೆಟಲಿನ ಆವಿಗೆ ಸಾಬೂನನ್ನು ಕೆಲವು ಕ್ಷಣ ಹಿಡಿದು ಆರಲು ಬಿಡಬಹುದು. ಬಿಳುಪು ಕರಗಿ ಹೊಳಪು ಮರಳುತ್ತದೆ. ಕೈಗೆ ಆವಿ ತಾಗದಂತೆ ಇಕ್ಕಳ ಬಳಸುವುದು ಲೇಸು.

ಕತ್ತರಿಸುವ ಹೊತ್ತು

ಎರೆದ 24ರಿಂದ 48 ಗಂಟೆಗಳಲ್ಲಿ ಸಾಬೂನಿನ ಗಟ್ಟಿ ಸಾಮಾನ್ಯವಾಗಿ ಕತ್ತರಿಸುವ ಹದಕ್ಕೆ ಬರುತ್ತದೆ. ಗಿಣ್ಣಿನಷ್ಟು ಗಟ್ಟಿಯಾಗಿ, ಬೆರಳೊತ್ತಿದರೆ ಅಂಟದಿದ್ದರೆ ಅದೇ ಸರಿಯಾದ ಹೊತ್ತು. ಮೊದಲೇ ಕತ್ತರಿಸಿದರೆ ಬಿಲ್ಲೆ ಅಲಗಿಗೆ ಅಂಟುತ್ತದೆ, ತಡವಾದರೆ ಅಂಚು ಸಿಡಿಯುತ್ತದೆ. ತೆಂಗಿನೆಣ್ಣೆಯ ಪಾಲು ಹೆಚ್ಚಿರುವ ಸಾಬೂನು ಬಲುಬೇಗ ಗಟ್ಟಿಯಾಗುವುದರಿಂದ ಅದನ್ನು ಇನ್ನೂ ಮೊದಲೇ ಕತ್ತರಿಸಬೇಕಾಗುತ್ತದೆ. ಚಾಕುವಿಗಿಂತ ಬಿಗಿಯಾಗಿ ಎಳೆದು ಕಟ್ಟಿದ ಸಪೂರ ಉಕ್ಕಿನ ತಂತಿ ನುಣುಪಾದ ಮುಖ ನೀಡುತ್ತದೆ. ಈ ಹಂತದಲ್ಲಿ ಸಾಬೂನಿನಲ್ಲಿ ಕ್ಷಾರ ಉಳಿದಿರುವ ಸಾಧ್ಯತೆಯಿರುವುದರಿಂದ ಕೈಗವಸು ಕಡ್ಡಾಯ.

ನಾಲ್ಕೈದು ದಿನಗಳ ಬಳಿಕ ತರಕಾರಿ ಸಿಪ್ಪೆ ತೆಗೆಯುವ ಸಾಧನದಿಂದ ಚೂಪಾದ ಅಂಚುಗಳನ್ನು ಓರೆಯಾಗಿ ಹೆರೆದರೆ ಬಿಲ್ಲೆಯ ರೂಪವೇ ಬದಲಾಗುತ್ತದೆ. ಓರೆ ಅಂಚು ಸಾಗಣೆಯಲ್ಲಿ ಬೇಗ ಮುರಿಯುವುದಿಲ್ಲ, ಕೈಗೂ ಹಿತ. ಹೆರೆದ ಚೂರುಗಳನ್ನು ಮುಂದಿನ ಪಾಕಕ್ಕೆ ಸೇರಿಸಬಹುದು. ಹೆಸರು ಅಥವಾ ಚಿತ್ರದ ಮುದ್ರೆ ಒತ್ತುವುದಾದರೂ ಇದೇ ಸಮಯ. ಮುದ್ರೆ ಅಂಟಿಕೊಳ್ಳುತ್ತಿದ್ದರೆ ಒಂದು ದಿನ ಕಾಯಬೇಕು. ಸುತ್ತ ಬಿರುಕು ಮೂಡಿದರೆ ಹೊತ್ತು ಮೀರಿದೆ ಎಂದರ್ಥ.

ಒಣಗಿಸುವ ತಾಳ್ಮೆ

ಕತ್ತರಿಸಿದ ಬಿಲ್ಲೆಗಳನ್ನು ಒಂದಕ್ಕೊಂದು ತಾಗದಂತೆ ಜೋಡಿಸಿ, ಬಿಸಿಲು ಬೀಳದ ಆದರೆ ಗಾಳಿಯಾಡುವ ಜಾಗದಲ್ಲಿ 4ರಿಂದ 6 ವಾರ ಇಡಬೇಕು. ವಾರಕ್ಕೊಮ್ಮೆಯಾದರೂ ಮಗುಚಿ ಹಾಕದಿದ್ದರೆ ಒಂದು ಮಗ್ಗುಲು ಬೇಗ ಒಣಗಿ ಬಿಲ್ಲೆ ಬಾಗುತ್ತದೆ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಒಣಗಲು ಇನ್ನಷ್ಟು ದಿನ ಬೇಕು. ಗಾಳಿಯ ತೇವವನ್ನು ಗ್ಲಿಸರಿನ್ ಹೀರಿಕೊಂಡು ಸಾಬೂನು ಬೆವರುವುದೂ ಆ ದಿನಗಳಲ್ಲೇ. ಫ್ಯಾನ್ ಗಾಳಿ ಆಗ ನೆರವಾಗುತ್ತದೆ.

ಕಿತ್ತಳೆ ಬಣ್ಣದ ಚುಕ್ಕೆಗಳು ಇನ್ನೊಂದು ಬಾಧೆ. ಎಣ್ಣೆ ಕಮಟಾಗುತ್ತಿರುವುದರ ಸೂಚನೆ ಅದು. ಸೂರ್ಯಕಾಂತಿ, ಸೋಯಾ ಎಣ್ಣೆಗಳ ಪಾಲು ಅತಿಯಾದಾಗ, ತುಕ್ಕು ಹಿಡಿದ ಕಬ್ಬಿಣದ ಜಾಲರಿಯ ಮೇಲೆ ಒಣಗಿಸಿದಾಗ ಇದು ಹೆಚ್ಚು. ಮರದ ಅಥವಾ ಪ್ಲಾಸ್ಟಿಕ್ ತಟ್ಟೆ, ಭಟ್ಟಿ ಇಳಿಸಿದ ನೀರು ಬಳಸಿದರೆ ತೊಂದರೆ ತಗ್ಗುತ್ತದೆ. ಚುಕ್ಕೆ ಬಿದ್ದ ಬಿಲ್ಲೆಯನ್ನು ಎಷ್ಟು ಉಜ್ಜಿದರೂ ಫಲವಿಲ್ಲ; ಅದನ್ನು ಮಾರಾಟದಿಂದ ಹೊರಗಿಡುವುದೇ ಸರಿ.

ಪೂರ್ತಿ ಒಣಗಿದ ಬಿಲ್ಲೆಯನ್ನು ತುಸು ಒದ್ದೆಯಾದ ಹತ್ತಿಬಟ್ಟೆಯಿಂದ ಒರೆಸಿ, ಆರಿದ ಮೇಲೆ ಮೆತ್ತನೆಯ ಒಣಬಟ್ಟೆಯಿಂದ ತಿಕ್ಕಿದರೆ ಹೊಳಪು ಬರುತ್ತದೆ. ಬೇರೆ ಯಾವ ಲೇಪವೂ ಬೇಕಿಲ್ಲ.

ಹೊದಿಕೆಯ ಆಯ್ಕೆ

ಶೀತಲ ವಿಧಾನದ ಸಾಬೂನು ಹೊದಿಕೆಯೊಳಗೂ ನಿಧಾನವಾಗಿ ನೀರನ್ನು ಬಿಡುತ್ತಲೇ ಇರುತ್ತದೆ. ಆದ್ದರಿಂದ ಗಾಳಿಯಾಡುವ ಹೊದಿಕೆ ಅದಕ್ಕೆ ಸೂಕ್ತ. ನಡುವಿಗೆ ಸುತ್ತಿದ ಕಾಗದದ ಪಟ್ಟಿ, ಕಿಟಕಿಯಿರುವ ರಟ್ಟಿನ ಪೆಟ್ಟಿಗೆ, ತೆಳು ಹತ್ತಿಬಟ್ಟೆಯ ಚೀಲ ಇವೆಲ್ಲ ಚಾಲ್ತಿಯಲ್ಲಿವೆ. ಪರಿಮಳವನ್ನು ಮೂಸಿ ನೋಡಲು ಅವಕಾಶವಿರುವುದು ಇವುಗಳ ಇನ್ನೊಂದು ಅನುಕೂಲ. ಕಾಗದಕ್ಕೆ ಎಣ್ಣೆ ಇಳಿಯದಂತೆ ಒಳಗೆ ಬೆಣ್ಣೆ ಕಾಗದ ಸುತ್ತಬಹುದು. ಸಿದ್ಧ ಗ್ಲಿಸರಿನ್ ಗಟ್ಟಿಯನ್ನು ಕರಗಿಸಿ ಮಾಡಿದ ಪಾರದರ್ಶಕ ಸಾಬೂನಿನ ಕತೆ ಬೇರೆ. ಅದು ತೇವವನ್ನು ಸೆಳೆದು ಹನಿಗಟ್ಟುವುದರಿಂದ ಗಟ್ಟಿಯಾದ ದಿನವೇ ಗಾಳಿಯಾಡದ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಬೇಕು. ಇಂಕ್‌ಜೆಟ್ ಮುದ್ರಣದ ಚೀಟಿ ಒದ್ದೆ ಕೈ ತಾಗಿದರೆ ಕಲೆಯಾಗುತ್ತದೆ. ಲೇಸರ್ ಮುದ್ರಣ ಬಾಳಿಕೆ ಬರುತ್ತದೆ.

ತೂಕ ಮತ್ತು ಕಾನೂನು

ಅನೇಕರು ಎಡವುವುದು ತೂಕದ ವಿಷಯದಲ್ಲಿ. ಕತ್ತರಿಸಿದ ದಿನ 100 ಗ್ರಾಂ ತೂಗಿದ ಬಿಲ್ಲೆ ಒಣಗಿದ ಬಳಿಕ ಅಷ್ಟೇ ತೂಗುವುದಿಲ್ಲ. ಮೊದಲ ತೂಕವನ್ನೇ ಚೀಟಿಯಲ್ಲಿ ಮುದ್ರಿಸಿದರೆ ಗ್ರಾಹಕರಿಗೆ ಮೋಸವಾಗುತ್ತದೆ, ಕಾನೂನಿನ ಉಲ್ಲಂಘನೆಯೂ ಆಗುತ್ತದೆ. ಒಂದು ಪಾಕದ ಕೆಲವು ಬಿಲ್ಲೆಗಳನ್ನು ಪ್ರತಿ ವಾರ ತೂಗಿ, ತೂಕ ಇಳಿಯುವುದು ನಿಂತ ಮೇಲೆ ಲೆಕ್ಕ ಹಾಕುವುದು ಉತ್ತಮ. 115 ಗ್ರಾಂ ಬಿಲ್ಲೆ 102 ಗ್ರಾಮಿಗೆ ಬಂದು ನಿಂತರೆ, ಅದೇ ಪಾಕದಲ್ಲಿ ಅದೇ ಅಳತೆಗೆ ಕತ್ತರಿಸಿದ ಬಿಲ್ಲೆಗೆ 100 ಗ್ರಾಂ ಎಂದು ಧೈರ್ಯವಾಗಿ ಬರೆಯಬಹುದು.

ಸ್ವಂತ ಬಳಕೆಗೆ ಸಾಬೂನು ಮಾಡಿಕೊಳ್ಳಲು ಅನುಮತಿ ಬೇಕಿಲ್ಲ. ಮಾರಾಟಕ್ಕೆ ತಯಾರಿಸುವುದಾದರೆ ಸ್ನಾನದ ಸಾಬೂನು ಸೌಂದರ್ಯವರ್ಧಕಗಳ ಸಾಲಿಗೆ ಸೇರುತ್ತದೆ. 2020ರ ಸೌಂದರ್ಯವರ್ಧಕ ನಿಯಮಗಳಡಿ ರಾಜ್ಯದ ಪರವಾನಗಿ ಪ್ರಾಧಿಕಾರದಿಂದ ತಯಾರಿಕಾ ಪರವಾನಗಿ ಪಡೆಯಬೇಕು. ಚೀಟಿಯಲ್ಲಿ ತಯಾರಕರ ಹೆಸರು ಮತ್ತು ವಿಳಾಸ, ಪರವಾನಗಿ ಸಂಖ್ಯೆ, ಬಳಕೆಯ ಅವಧಿ, ಬಳಸಿದ ಪದಾರ್ಥಗಳ ಪಟ್ಟಿ ಇರಬೇಕು. ಪೊಟ್ಟಣದ ಸರಕುಗಳಿಗೆ ಅನ್ವಯಿಸುವ 2011ರ ಕಾನೂನು ಮಾಪನಶಾಸ್ತ್ರ ನಿಯಮಗಳು ನಿವ್ವಳ ತೂಕ, ತಯಾರಾದ ತಿಂಗಳು ಮತ್ತು ವರ್ಷ, ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ ಹಾಗೂ ಗ್ರಾಹಕರ ದೂರಿಗಾಗಿ ಸಂಪರ್ಕ ವಿವರ ಕೇಳುತ್ತವೆ.

ಬೇವು, ಅರಿಶಿನ ಬೆರೆಸಿದ ಮಾತ್ರಕ್ಕೆ ಚರ್ಮರೋಗ ಗುಣಪಡಿಸುತ್ತದೆ ಎಂದು ಮುದ್ರಿಸುವುದು ಅಪಾಯಕಾರಿ. ರೋಗ ವಾಸಿ ಮಾಡುತ್ತದೆಂಬ ಹೇಳಿಕೆ ಬಂದೊಡನೆ ಆ ಸಾಬೂನು ಔಷಧದ ಕಾನೂನಿನ ವ್ಯಾಪ್ತಿಗೆ ಬರುತ್ತದೆ.

ಅಂದದ ಪೆಟ್ಟಿಗೆ ಮೊದಲ ಸಾಬೂನನ್ನು ಮಾರಿಕೊಡಬಲ್ಲದು. ಎರಡನೆಯದನ್ನು ಮಾರುವುದು ಆರು ವಾರ ಕಾದು ಒಣಗಿಸಿದ ಬಿಲ್ಲೆ ಮತ್ತು ಅದರ ಮೇಲಿನ ನಿಜವಾದ ತೂಕ.